ಖಾತ್ರಿ ಕೊಡದ ಡಾಕ್ಟರ್ ಬಾಯಿ

ಮೇಡಂ ತೀರಿಕೊಂಡ ದಿನ ಬೀದರಿನ ಮೈಲೂರು ಬಡಾವಣೆಯ ಅವರ ಮನೆಯ ಮುಂದೆ ನಿಂತಿದ್ದವರಲ್ಲಿ ಯಾರೋ ಒಬ್ಬರು, ರಷ್ಯಾದಲ್ಲಿ ಆ ವಿಷದ ಗಾಳಿ ಕುಡಿದಿದ್ದರಲ್ಲ, ಅದೇ ಈಗ ಕೆಲಸ ಮಾಡಿದೆ ಎಂದರು. ಪಕ್ಕದವರು ಹೌದೆಂದು ತಲೆಯಾಡಿಸಿದರು. ಆದದ್ದು ಹೃದಯಾಘಾತ. ಅವರ ತಂದೆಯೂ ಅಣ್ಣನೂ ಹೋದದ್ದು ಹಾಗೆಯೇ. ಸಕ್ಕರೆ ಕಾಯಿಲೆ ಇತ್ತು, ಬಿ.ಪಿ. ಇತ್ತು, ದಿನಾ ನಡೆಯಿರಿ ಎಂದು ರೋಗಿಗಳಿಗೆ ಹೇಳುತ್ತಿದ್ದವರು ತಾವು ನಡೆಯುತ್ತಿರಲಿಲ್ಲ. ಇದನ್ನು ಹೇಳಬೇಕೆಂದು ಬಾಯಿ ತೆರೆದವಳು ಸುಮ್ಮನಾದೆ. ಮೇಡಂ ಇದ್ದಿದ್ದರೆ ಇಬ್ಬರನ್ನೂ ಒಪ್ಪುತ್ತಿರಲಿಲ್ಲ. ಅದರಿಂದಲೇ ಎಂದು ಅವರು ಹೇಗೆ ಹೇಳುತ್ತಾರೆ, ಅದರಿಂದಲ್ಲ ಎಂದು ನೀವು ಹೇಗೆ ಹೇಳುತ್ತೀರಿ ಸಿಸ್ಟರ್ ಎಂದು ಕನ್ನಡಕದ ಮೇಲಿನಿಂದ ನೋಡುತ್ತಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಬಗ್ಗೆ ನಾಲ್ಕು ಜನ ಮಾತಾಡುವುದು ಅವರಿಗೆ ಸೇರುತ್ತಿರಲಿಲ್ಲ. ಭಾಲ್ಕಿಯ ಅವರ ಹೆರಿಗೆ ದವಾಖಾನೆಗೆ ನಾನು ನರ್ಸಾಗಿ ಸೇರಿದ್ದು ಓದು ಮುಗಿಸಿದ ವರ್ಷವೇ. ಬಿಟ್ಟದ್ದು ಅವರು ಹೋಗಿ ಅದರ ಬಾಗಿಲು ಮುಚ್ಚಿದ ಮೇಲೆ. ನಮಗೆ ಅವರು ಮೇಡಂ, ಹಳ್ಳಿಯವರಿಗೆ ಡಾಕ್ಟರ್ ಬಾಯಿ. ವಾರದಲ್ಲಿ ಐದು ದಿನ ಭಾಲ್ಕಿಯಲ್ಲೇ ಉಳಿದು ಕೆಲಸ, ಬುಧವಾರ ಔರಾದಿನಲ್ಲಿ ಒಂದು ಔಷಧಿ ಅಂಗಡಿಯ ಹಿಂದಿನ ಕೋಣೆ, ಭಾನುವಾರ ಬೀದರಿನ ಮನೆ, ಚರ್ಚು. ಗಂಡನಿದ್ದರು, ಹೈದರಾಬಾದಿನವರು, ಈಗಿಲ್ಲ ಎಂದಷ್ಟೇ ನಮಗೆ ಗೊತ್ತಿತ್ತು. ಇಲ್ಲ ಎಂದರೆ ಸತ್ತಿದ್ದಾರೋ ಬಿಟ್ಟಿದ್ದಾರೋ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮೊದಮೊದಲು ನನಗೆ ಅವರು ವಿಚಿತ್ರವಾಗಿ ಕಂಡರು. ಬೇಸಿಗೆಯಲ್ಲಿ ಧೂಳಿನ ಗಾಳಿ ಎದ್ದರೆ ರೋಗಿಯನ್ನು ನೋಡುತ್ತಿದ್ದವರು ಅರ್ಧಕ್ಕೇ ಎದ್ದು ಹೋಗಿ ತಾವೇ ಕಿಟಕಿ ಮುಚ್ಚುತ್ತಿದ್ದರು. ನೆಲವನ್ನು ಕಸಬರಿಗೆಯಿಂದ ಗುಡಿಸುವಂತಿಲ್ಲ, ಒದ್ದೆ ಬಟ್ಟೆಯಿಂದಲೇ ಒರೆಸಬೇಕು. ಮೆಂತ್ಯದ ಸೊಪ್ಪನ್ನು ನಾಲ್ಕು ನೀರಿನಲ್ಲಿ ತೊಳೆದರೂ ಐದನೆಯ ನೀರು ತರಿಸುವರು. ಹಾಲು ಮುಟ್ಟುತ್ತಿರಲಿಲ್ಲ, ಕುಡಿಯುತ್ತಿದ್ದದ್ದು ಕರಿ ಚಹಾ. ನಮ್ಮ ಆಯಾ, ಕ್ರಿಶ್ಚಿಯನ್ನರಲ್ಲೂ ಇಷ್ಟೊಂದು ಮಡಿ ಇರುತ್ತದೆಯೇ ಎಂದು ನನ್ನನ್ನು ಕೇಳಿದ್ದಳು. ನಾನೂ ಅದನ್ನು ಒಂದು ಬಗೆಯ ಮಡಿ ಎಂದೇ ತಿಳಿದಿದ್ದೆ.

ಇನ್ನೊಂದು ವಿಚಿತ್ರವೆಂದರೆ, 'ಏನೂ ಆಗಲ್ಲ' ಎಂಬ ಮಾತನ್ನು ಅವರು ಯಾರಿಗೂ ಹೇಳುತ್ತಿರಲಿಲ್ಲ, ನಮ್ಮ ಬಾಯಲ್ಲೂ ಬರಗೊಡುತ್ತಿರಲಿಲ್ಲ. ಹೆರಿಗೆಯ ನೋವಿನಲ್ಲಿ ಕೈ ಹಿಡಿದು ಅಳುವ ಹುಡುಗಿಗೆ ಏನೂ ಆಗಲ್ಲವ್ವ ಎನ್ನದ ನರ್ಸು ಎಲ್ಲಿದ್ದಾಳೆ? ನಾನು ಹಾಗೆಂದ ದಿನ ಮೇಡಂ ನನ್ನನ್ನು ಹೊರಗೆ ಕರೆದರು. "ಗೊತ್ತಿದ್ದಷ್ಟು ಹೇಳ್ರಿ ಸಿಸ್ಟರ್. ಗೊತ್ತಿಲ್ಲದ್ದಕ್ಕ ಗೊತ್ತಿಲ್ಲ ಅನ್ರಿ. ಕೈ ಹಿಡೀರಿ, ಅದಕ್ಕ ಯಾರ್ ಬ್ಯಾಡ ಅಂತಾರ" ಎಂದರು. ಬೈದದ್ದಲ್ಲ, ಬೇಡಿಕೊಂಡ ಹಾಗಿತ್ತು.

ಕರೆಂಟು ಹೋದ ಸಂಜೆಗಳಲ್ಲಿ ಕೆಲಸವಿಲ್ಲದಿದ್ದರೆ ಮಾಳಿಗೆ ಮೇಲೆ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಅವರು ಓದುತ್ತಿದ್ದದ್ದು ವೈದ್ಯಕೀಯ ಪುಸ್ತಕ, ಬೈಬಲ್ಲು ಬಿಟ್ಟರೆ ಸೂರ್ಯ, ನಕ್ಷತ್ರ, ಅವುಗಳ ಆಯುಷ್ಯದ ಪುಸ್ತಕಗಳನ್ನು. ಸೂರ್ಯ ಇನ್ನೂ ಐನೂರು ಕೋಟಿ ವರ್ಷ ಉರಿದು, ಉಬ್ಬಿ, ಭೂಮಿಯನ್ನು ಸುಟ್ಟು, ಆಮೇಲೆ ಆರಿಹೋಗುತ್ತಾನೆ. ಅವನ ಹಿಂದೆ ಉಳಿದ ನಕ್ಷತ್ರಗಳೂ ಒಂದೊಂದಾಗಿ ಆರುತ್ತವೆ. ಕೊನೆಗೆ ಉಳಿಯುವುದು ಕತ್ತಲೆ, ತಣ್ಣಗಿನ ಕತ್ತಲೆ. ಇದನ್ನೆಲ್ಲ ಅವರು ಊರಿನ ಸುದ್ದಿ ಹೇಳುವ ದನಿಯಲ್ಲಿ ಹೇಳುತ್ತಿದ್ದರು. ಒಮ್ಮೆ ಚರ್ಚಿನಲ್ಲಿ ಲೋಕದ ಅಂತ್ಯದ ಬಗ್ಗೆ ಉಪದೇಶವಾದ ಮೇಲೆ ಪಾಸ್ಟರನ್ನು ತಡೆದು, ಬೈಬಲ್ಲು ಹೇಳುವ ಆ ಹೊಸ ಆಕಾಶ ಹೊಸ ಭೂಮಿ ಬರುವುದು ಹಳೆಯದು ಪೂರ್ತಿ ತಣ್ಣಗಾದ ಮೇಲೋ, ಮೊದಲೋ ಎಂದು ಕೇಳಿದರಂತೆ. ಪಾಸ್ಟರು ನಕ್ಕು, ನಿಮಗೆ ವಿಶ್ರಾಂತಿ ಬೇಕು ಡಾಕ್ಟರ್ ಎಂದರಂತೆ.

ನಮ್ಮದು ಬೌದ್ಧರ ಮನೆ. ನಿಮ್ಮಲ್ಲಿ ಇದಕ್ಕೇನು ಹೇಳುತ್ತಾರೆ ಎಂದು ನನ್ನನ್ನೂ ಕೇಳಿದರು. ಕೂಡಿ ಆದದ್ದೆಲ್ಲ ಒಂದು ದಿನ ಬಿಡಿಸಿಹೋಗುತ್ತದೆ ಎಂದು ವಿಹಾರದಲ್ಲಿ ಕೇಳಿದ್ದನ್ನೇ ಹೇಳಿದೆ. ಅದು ನಿಮಗೆ ಸಮಾಧಾನವೋ ಹೆದರಿಕೆಯೋ ಎಂದು ಮತ್ತೆ ಕೇಳಿದರು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಅವರೇ ಹೇಳಿದರು: "ನನಗ ಮನಸ್ಸು ಕೆಟ್ಟ ದಿನ ಅದು ಸಮಾಧಾನ. ಎಲ್ಲಾ ಅಳಸಿ ಹೋಗ್ತದಲ್ಲ ಅಂತ. ಒಂದು ಚಲೋ ಕೂಸು ಹುಟ್ಟಿದ ದಿನ ಅದೇ ಹೆದರಿಕಿ. ಇದೂ ಅಳಸಿ ಹೋಗ್ತದಲ್ಲ ಅಂತ."

ಅವರ ಈ ಎಲ್ಲ ವಿಚಿತ್ರಗಳ ಮೂಲ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಔರಾದಿನ ಆ ಕೋಣೆಯಲ್ಲಿ. ಒಂದು ಬುಧವಾರ ಚಿಂತಾಕಿಯ ಕಾಶಮ್ಮ ಎಂಬ ಹೆಂಗಸು ತನ್ನ ಸೊಸೆ ಸುರೇಖಾಳನ್ನು ಕರೆದುಕೊಂಡು ಬಂದಳು. ಮದುವೆಯಾಗಿ ಮೂರು ವರ್ಷದ ಮೇಲೆ ಸೊಸೆ ದಿನ ನಿಂತು ಬಸುರಿಯಾಗಿದ್ದಳು. ಆದರೆ ಅದು ಗೊತ್ತಾಗುವ ಮೊದಲೇ ಆಕೆ ಗಂಡನ ಬೈಕಿನಿಂದ ಬಿದ್ದು, ಬೀದರಿನಲ್ಲಿ ಸೊಂಟಕ್ಕೆ, ಬೆನ್ನಿಗೆ ಎಕ್ಸ್‌ರೇ ತೆಗೆಸಿಕೊಂಡಿದ್ದಳು. ಎಲುಬು ಮುರಿದಿರಲಿಲ್ಲ. ಈಗ ಬೇರೊಬ್ಬ ಡಾಕ್ಟರು, ಎಕ್ಸ್‌ರೇ ಬಿದ್ದ ಕೂಸು ನೆಟ್ಟಗಿರುವುದಿಲ್ಲ, ತೆಗೆಸಿಬಿಡಿ ಎಂದಿದ್ದರು. ಕಾಶಮ್ಮ ಅದಕ್ಕಾಗಿಯೇ ಬಂದಿದ್ದಳು. ಸುರೇಖಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದಳು.

ಮೇಡಂ ಅಂದು ಅವರಿಗೆ ಮುಂದಿನ ಬುಧವಾರ ಬರಲು ಹೇಳಿದರು. ಮರುದಿನ ದವಾಖಾನೆಗೆ ರಜೆ ಹಾಕಿ ಬೀದರಿಗೆ ಹೋದರು. ಆ ಎಕ್ಸ್‌ರೇ ಕೋಣೆಗೇ ಹೋಗಿ ಎಷ್ಟು ಫಿಲ್ಮ್ ತೆಗೆದಿರಿ, ಯಾವ ಯಂತ್ರ, ಎಷ್ಟು ಶಕ್ತಿಯಲ್ಲಿ ಎಂದು ಎಲ್ಲ ಕೇಳಿಕೊಂಡು ಬಂದರು. ಲೆಕ್ಕ ಹಾಕಿದರು. ಅದನ್ನು ಹೈದರಾಬಾದಿನ ಪರಿಚಯದ ತಜ್ಞರೊಬ್ಬರಿಗೆ ಫೋನಿನಲ್ಲಿ ಓದಿ ಹೇಳಿ, ಅವರಿಂದಲೂ ಲೆಕ್ಕ ಹಾಕಿಸಿದರು. ಎರಡೂ ಹೊಂದಿಕೊಂಡವು. ಆ ವಾರವೆಲ್ಲ ಅವರು ಸರಿಯಾಗಿ ಊಟ ಮಾಡಲಿಲ್ಲ. ಒಂದು ಎಕ್ಸ್‌ರೇಗೆ ಇಷ್ಟೊಂದು ಯಾಕೆ ಎಂದು ನನಗೆ ಅರ್ಥವಾಗಿರಲಿಲ್ಲ.

ಮುಂದಿನ ಬುಧವಾರ ಅತ್ತೆ ಸೊಸೆ ಬಂದರು. ಕೂಸಿಗೆ ಕೆಡುಕಾಗಬೇಕಾದರೆ ಇದರ ಎಷ್ಟೋ ಪಟ್ಟು ಕಿರಣ ಬೀಳಬೇಕು, ಇದಕ್ಕಾಗಿ ತೆಗೆಸುವ ಕಾರಣವಿಲ್ಲ ಎಂದು ಮೇಡಂ ಹೇಳಿದರು. ಕಾಶಮ್ಮ ಎಲ್ಲ ಕೇಳಿಸಿಕೊಂಡು, "ಖಾತ್ರಿ ಕೊಡ್ತೀರೇನ್ರಿ?" ಎಂದಳು.

"ಇಲ್ಲ" ಎಂದರು ಮೇಡಂ. "ಯಾವ ಕೂಸಿಗೂ ಖಾತ್ರಿ ಕೊಡ್ಲಾಕ ಆಗಲ್ಲ. ಎಕ್ಸ್‌ರೇ ತೆಗೆಸದವರ ಕೂಸಿಗೂ ಆಗಲ್ಲ. ಈ ಎಕ್ಸ್‌ರೇದಿಂದ ಆಗೂದಿಲ್ಲ ಅಂತ ಅಷ್ಟೇ ಹೇಳ್ತೇನಿ."

ಹಾಗಾದರೆ ಬೇಡ, ತೆಗೆದುಬಿಡಿ ಎಂದು ಕಾಶಮ್ಮ ಎದ್ದಳು. ಆಗ ಮೇಡಂ ಅವಳನ್ನು ಕೂರಿಸಿ, ನನಗೆ ಬಾಗಿಲು ಮುಚ್ಚಲು ಹೇಳಿ, ತಮ್ಮ ಕತೆ ಹೇಳಿದರು.

ಮೂವತ್ತು ವರ್ಷಗಳ ಹಿಂದೆ ಅವರು ಸೋವಿಯತ್ ದೇಶದ ಕೀವ್ ಎಂಬ ಊರಿನಲ್ಲಿ ಡಾಕ್ಟರಿಕೆ ಓದುತ್ತಿದ್ದರು. ಜೊತೆಗೆ ಓದುತ್ತಿದ್ದ ಹೈದರಾಬಾದಿನವರನ್ನು ಹಿಂದಿನ ರಜೆಯಲ್ಲಿ ಊರಿಗೆ ಬಂದು ಮದುವೆಯಾಗಿದ್ದರು. ಆಗ ಮೇಡಂ ಎರಡು ತಿಂಗಳ ಬಸುರಿ. ಬೀದರಿನಿಂದ ಕಲಬುರಗಿ ಇರುವಷ್ಟು ದೂರದಲ್ಲಿ ಚೆರ್ನೋಬಿಲ್‌ನ ಅಣುಸ್ಥಾವರ ಸಿಡಿದಿತ್ತು. ಊರಿನವರಿಗೆ ಯಾರೂ ಹೇಳಲಿಲ್ಲ. ಮೇ ಒಂದರ ಮೆರವಣಿಗೆಗೆ ಎಲ್ಲರೂ ಬರಬೇಕೆಂದು ಹಾಸ್ಟೆಲಿನಲ್ಲಿ ಹೇಳಿದರು, ಹೋದರು. ಒಳ್ಳೆಯ ಗಾಳಿ ಇತ್ತು, ರಸ್ತೆಯ ಎರಡೂ ಕಡೆ ಮರಗಳು ಬಿಳಿ ಹೂ ಬಿಟ್ಟಿದ್ದವು, ಕಾಗದದ ಹೂ ಹಿಡಿದು ಹಾಡುತ್ತ ನಡೆದರು. ಬೀದಿಗಳನ್ನು ನೀರಿನ ಲಾರಿಗಳು ತೊಳೆಯುತ್ತಿದ್ದವು. ಹಬ್ಬಕ್ಕೆ ತೊಳೆಯುತ್ತಿದ್ದಾರೆ ಎಂದುಕೊಂಡರು. ಕೆಲವು ದಿನಗಳ ಮೇಲೆ ಬೇರೆ ದೇಶದ ವಿದ್ಯಾರ್ಥಿಯೊಬ್ಬ ತನ್ನ ಊರಿನ ರೇಡಿಯೋದಲ್ಲಿ ಕೇಳಿ ಬಂದು ಹೇಳಿದ. ವಾರ್ಡನ್ ಹೆಂಗಸನ್ನು ಕೇಳಿದರೆ ಏನೂ ಆಗಲ್ಲ, ಕಿಟಕಿ ಮುಚ್ಚಿರಿ, ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿರಿ, ಸೊಪ್ಪು ಹಾಲು ಮುಟ್ಟಬೇಡಿ ಎಂದಳು. ಏನೂ ಆಗದಿದ್ದರೆ ಹಾಲು ಯಾಕೆ ಬೇಡ ಎಂದು ಇವರು ಕೇಳಿದ್ದಕ್ಕೆ ಅವಳು ಮುಖ ತಿರುಗಿಸಿದಳು.

ಗಂಡ ಹೆಂಡತಿ ಹೈದರಾಬಾದಿಗೆ ಓಡಿಬಂದರು. ಅಲ್ಲಿ ತೋರಿಸಿದ ಡಾಕ್ಟರರಿಗೂ ಏನೂ ಗೊತ್ತಿರಲಿಲ್ಲ. ಎಷ್ಟು ವಿಕಿರಣ ಬಿದ್ದಿದೆ ಎಂಬ ಲೆಕ್ಕವನ್ನು ಯಾರೂ ಕೊಟ್ಟಿರಲಿಲ್ಲ. ತೆಗೆಸಿಬಿಡಿ, ಮುಂದೆ ಬೇರೆ ಆಗುತ್ತದೆ ಎಂದರು. ಅತ್ತೆ ಮಾವ ಹೂಂ ಎಂದರು, ಗಂಡ ಹೂಂ ಎಂದರು.

"ನಾನೂ ಹೂಂ ಅಂದೆ" ಎಂದರು ಮೇಡಂ. "ಅವರ ಮ್ಯಾಲ ತಪ್ಪು ಹಾಕಲ್ಲ. ಅವರಿಗೂ ಹೆದರಿಕಿ ಇತ್ತು. ಮುಂದ ಬ್ಯಾರೆ ಆಗಲಿಲ್ಲ. ನಮ್ಮವರು ಬಿಟ್ಟು ಹೋದ್ರು. ಹತ್ತು ವರ್ಷ ಆದ ಮ್ಯಾಲ ಓದಿದೆ. ಆ ಊರಾಗ ನನ್ನಂಗ ಬಸುರಿದ್ದು, ಕೂಸು ಇಟಗೊಂಡವರಿಗೆ ಹೆಚ್ಚಿನವರಿಗೆಲ್ಲಾ ಚಲೋ ಕೂಸೇ ಹುಟ್ಯಾವ ಅಂತ. ಅದು ಓದಿದ ದಿನ ನಾ ಎರಡನೇ ಸಲ ಕಳಕೊಂಡೆ."

ಆಮೇಲೆ ಸುರೇಖಾ ಸೆರಗು ಬಿಟ್ಟು, "ನಾ ಇಟಗೋತೇನ್ರಿ" ಎಂದಳು. ಅತ್ತೆಯ ಕಡೆ ನೋಡಲಿಲ್ಲ. ಕಾಶಮ್ಮ ಬೇಡ ಎನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ.

ಹೆರಿಗೆಯವರೆಗಿನ ಏಳು ತಿಂಗಳಲ್ಲಿ ಮೇಡಂ ಕುಗ್ಗಿಹೋದರು. ಸ್ಕ್ಯಾನಿನಲ್ಲಿ ತಲೆ, ಬೆನ್ನು, ಹೃದಯ ಎಲ್ಲ ಸರಿಯಾಗಿದೆ ಎಂದು ಬಂದರೂ ನಂಬದೆ ಇನ್ನೊಂದು ಕಡೆ ಮಾಡಿಸಿದರು. ಬುಧವಾರ ಸುರೇಖಾ ಬಾರದಿದ್ದರೆ ಔರಾದಿನಿಂದ ಚಿಂತಾಕಿಯ ಬಸ್ಸು ಹಿಡಿದು ತಾವೇ ಹೋಗಿಬರುತ್ತಿದ್ದರು. ತಮ್ಮ ಲೆಕ್ಕವನ್ನು ಮತ್ತೆ ಮತ್ತೆ ಮಾಡಿ ನೋಡುತ್ತಿದ್ದರು. ಉತ್ತರ ಪ್ರತಿ ಸಲವೂ ಅದೇ ಬರುತ್ತಿತ್ತು. ಆ ವರ್ಷವೇ ಒಮ್ಮೆ ಕರಿ ಚಹಾ ಕುಡಿಯುತ್ತ, ಚೆರ್ನೋಬಿಲ್‌ನ ಮಣ್ಣಿನಲ್ಲಿ ಬಿದ್ದ ಒಂದು ವಿಷ ಈಗ ಅರ್ಧವಾಗಿದೆ, ಅದಕ್ಕೆ ಮೂವತ್ತು ವರ್ಷ ಬೇಕಿತ್ತು ಎಂದರು. ಇನ್ನು ಮೂವತ್ತಕ್ಕೆ ಪೂರ್ತಿ ಹೋಗುತ್ತದಲ್ಲ ಎಂದೆ ನಾನು. ಇಲ್ಲ, ಉಳಿದ ಅರ್ಧದಲ್ಲಿ ಅರ್ಧ ಹೋಗುತ್ತದೆ, ಆಮೇಲೆ ಅದರಲ್ಲಿ ಅರ್ಧ ಎಂದರು. ಪೂರ್ತಿ ಹೋಗುವುದು ಯಾವಾಗ ಎಂದು ನಾನು ಕೇಳಲಿಲ್ಲ.

ಸುರೇಖಾ ಭಾಲ್ಕಿಯ ನಮ್ಮ ದವಾಖಾನೆಯಲ್ಲೇ ಹೆತ್ತಳು. ಹೆಣ್ಣು ಕೂಸು, ತೂಕ ಚೆನ್ನಾಗಿತ್ತು, ಹುಟ್ಟಿದ ಕೂಡಲೇ ಅತ್ತಿತು. ಒರೆಸಲು ನನ್ನ ಕೈಗೆ ಬಂದಾಗ ನೋಡಿದೆ. ಎಡಪಾದ ಒಳಗೆ ತಿರುಗಿತ್ತು, ಅಂಗಾಲು ಇನ್ನೊಂದು ಕಾಲಿನ ಕಡೆ ಮುಖ ಮಾಡಿತ್ತು. ಮೇಡಂ ನನ್ನ ಮುಖ ನೋಡಿದರು, ಆಮೇಲೆ ಪಾದ ನೋಡಿದರು.

ಇಂಥ ಪಾದ ಎಕ್ಸ್‌ರೇಯಿಂದ ಆಗುವುದಲ್ಲ. ಏನೂ ಆಗದ ಬಸುರಿಯರಿಗೂ ಇಂಥ ಕೂಸು ಹುಟ್ಟುತ್ತದೆ, ನಾನೇ ನೋಡಿದ್ದೇನೆ. ಎಳೆಯದರಲ್ಲೇ ವಾರ ವಾರ ಪ್ಲಾಸ್ಟರು ಬದಲಾಯಿಸುತ್ತ ಹೋದರೆ ನೆಟ್ಟಗಾಗುತ್ತದೆ. ಇದನ್ನೆಲ್ಲ ಮೇಡಂ ಹೊರಗೆ ಬಂದು ಕಾಶಮ್ಮನಿಗೆ ಹೇಳಿದರು. ಕಾಶಮ್ಮ ಕೂಸನ್ನು ನೋಡಿ ಬಂದು ಗೋಡೆಗೆ ಒರಗಿ ಕುಳಿತಳು. ಕೂಗಾಡುತ್ತಾಳೆ ಎಂದು ನಾನು ಹೆದರಿದ್ದೆ. ಅವಳು ಮೆಲ್ಲಗೆ ಹೇಳಿದಳು: "ಖಾತ್ರಿ ಕೊಡಲ್ಲ ಅಂದ್ರಿ, ಖರೇ. ಆದ್ರ ಬಾಯಾರ, ಕೊಟ್ಟಂಗೇ ಹೇಳಿದ್ರಿ."

ಸಂಜೆ ರೋಗಿಗಳೆಲ್ಲ ಹೋದ ಮೇಲೆ ಮೇಡಂ ತಮ್ಮ ಕೋಣೆಗೆ ಕರೆದು ನನ್ನನ್ನು ಕೇಳಿದರು: "ಆ ಕೂಸು ಇಟಗೋ ಅಂತ ನಾ ಹೇಳಿದ್ದು ಅಕಿ ಸಲುವಾಗೋ, ನನ್ನ ಸಲುವಾಗೋ, ಸಿಸ್ಟರ್?"

ಲೆಕ್ಕ ಸರಿ ಇತ್ತಲ್ಲ ಮೇಡಂ ಎಂದೆ. ಲೆಕ್ಕ ಸರಿ ಇತ್ತು ಎಂದರು ಅವರು. ಆದರೆ ಲೆಕ್ಕ ಹೇಳಿ ಸುಮ್ಮನಾಗಬೇಕಿತ್ತು, ನನ್ನ ಕತೆ ಯಾಕೆ ಹೇಳಿದೆ, ಅದನ್ನು ಕೇಳಿದ ಹುಡುಗಿ ಬೇಡ ಅನ್ನಲು ಸಾಧ್ಯವಿತ್ತೇ ಎಂದರು.

ಪ್ಲಾಸ್ಟರು ಹಾಕುತ್ತಿದ್ದದ್ದು ಬೀದರಿನ ಸರಕಾರಿ ದವಾಖಾನೆಯಲ್ಲಿ. ಸುರೇಖಾ, ಕಾಶಮ್ಮ ಕೂಸನ್ನೆತ್ತಿಕೊಂಡು ಔರಾದಿನ ಮೂಲಕ ಬಸ್ಸಿನಲ್ಲಿ ಬರುತ್ತಿದ್ದರು, ಮೇಡಂ ಭಾಲ್ಕಿಯಿಂದ ಹೋಗಿ ಸೇರಿಕೊಳ್ಳುತ್ತಿದ್ದರು. ಒಂದು ವಾರವನ್ನೂ ತಪ್ಪಿಸಲಿಲ್ಲ. ಮೊದಲೆರಡು ಸಲ ಕಾಶಮ್ಮ ಅವರೊಡನೆ ಮಾತಾಡಲಿಲ್ಲ. ಮೂರನೆಯ ಸಲ ನಾನೂ ಹೋಗಿದ್ದೆ. ಪ್ಲಾಸ್ಟರು ಒಣಗುವವರೆಗೆ ಬೇವಿನ ಮರದ ಕೆಳಗೆ ಕುಳಿತಿದ್ದೆವು. ಅಂದು ಕಾಶಮ್ಮ ತಾನಾಗಿಯೇ, ಆ ಸ್ಥಾವರ ಸಿಡಿದ ಊರು ಈಗ ಹೇಗಿದೆ ಎಂದು ಕೇಳಿದಳು.

ಬೇಲಿ ಹಾಕಿದ್ದಾರೆ ಎಂದರು ಮೇಡಂ. ಸುತ್ತಲಿನ ಹಳ್ಳಿಗಳನ್ನೆಲ್ಲ ಖಾಲಿ ಮಾಡಿಸಿದ್ದಾರೆ. ಮನೆಗಳಿವೆ, ಶಾಲೆಗಳಿವೆ, ಜನ ಇಲ್ಲ. ಸಿಡಿದ ಕಟ್ಟಡದ ಮೇಲೆ ದೊಡ್ಡ ಕಬ್ಬಿಣದ ಹೊದಿಕೆ ಹಾಕಿದ್ದಾರೆ. ಒಳಗೆ ಇರುವುದರಲ್ಲಿ ಕೆಲವು, ಬೀದರಿನ ಕೋಟೆ ಕಟ್ಟಿ ಎಷ್ಟು ವರ್ಷ ಆಯಿತೋ ಅದರ ಹತ್ತಾರು ಪಟ್ಟು ಕಳೆದರೂ ಆರುವುದಿಲ್ಲ.

"ಅಲ್ಲಿತನಾ ಕಾಯೋರು ಯಾರ್ರಿ?" ಎಂದಳು ಕಾಶಮ್ಮ.

ಅದು ಯಾರಿಗೂ ಗೊತ್ತಿಲ್ಲ ಎಂದರು ಮೇಡಂ. ಮುಂದೆ ಕೆಲವು ವರ್ಷಗಳ ಮೇಲೆ, ಯುದ್ಧ ಶುರುವಾಗಿ ಆ ಬೇಲಿಯೊಳಗೆ ಸೈನಿಕರು ನುಗ್ಗಿದ ಸುದ್ದಿ ಟಿ.ವಿ.ಯಲ್ಲಿ ಬಂದಾಗ, ಆ ಕಾವಲು ಇಷ್ಟು ಬೇಗ ಮುರಿಯುತ್ತದೆ ಎಂದುಕೊಂಡಿರಲಿಲ್ಲ ಸಿಸ್ಟರ್ ಎಂದು ಅವರು ನನ್ನನ್ನು ನೋಡಿದ್ದು ನೆನಪಿದೆ. ಅಂದು ಬೇವಿನ ಮರದ ಕೆಳಗೆ ಮಾತ್ರ ಅವರು ಸೂರ್ಯನ ಮಾತು ತೆಗೆದರು. ಎಲ್ಲಕ್ಕೂ ಕೊನೆ ಇದೆ, ಸೂರ್ಯನಿಗೂ ಇದೆ, ಆಗ ಆ ವಿಷವೂ ಇರುವುದಿಲ್ಲ, ಎಲ್ಲ ತಣ್ಣಗಾಗುತ್ತದೆ ಎಂದರು. ಕಾಶಮ್ಮ ಆಕಾಶದ ಕಡೆ ಒಮ್ಮೆ ನೋಡಿ, ಅದಕ್ಕೆ ಇನ್ನೂ ಎಷ್ಟು ವರ್ಷ ಎಂದು ಕೇಳಿದಳು. ಐನೂರು ಕೋಟಿ ಎಂದಾಗ, ಅಷ್ಟರಲ್ಲಿ ಇದರ ಕಾಲು ನೆಟ್ಟಗಾಗುತ್ತದಲ್ಲ ಎಂದಳು. ಸುರೇಖಾ ನಕ್ಕಳು. ಮೇಡಂ ಕೂಡ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಕಡಿಮೆ.

ನಗು ನಿಂತ ಮೇಲೆ ಕಾಶಮ್ಮ ಕೂಸನ್ನು ತೊಡೆ ಬದಲಾಯಿಸಿಕೊಳ್ಳುತ್ತ, ಇಷ್ಟು ವರ್ಷಗಳಲ್ಲಿ ಯಾರೂ ಕೇಳದ ಒಂದು ಮಾತು ಕೇಳಿದಳು. "ನಿಮ್ಮ ಕೂಸಿಗಿ ಏನ್ ಹೆಸರು ಇಡಬೇಕಂತಿದ್ರಿ?"

ಮೇಡಂ ಕೂಸಿನ ಪ್ಲಾಸ್ಟರಿನ ಅಂಚನ್ನು ಮುಟ್ಟಿ ನೋಡಿದರು. ಆಮೇಲೆ, "ಇಟ್ಟಿಲ್ರಿ. ಹೆಸರಿಟ್ಟಿದ್ರ ನಾ ಉಳೀತಿದ್ದಿಲ್ಲ" ಎಂದರು.

ಕಾಶಮ್ಮ ಕೂಸನ್ನು ಎತ್ತಿ ಮೇಡಂ ಮಡಿಲಿನಲ್ಲಿ ಹಾಕಿ, ನೀರು ಕುಡಿದು ಬರುತ್ತೇನೆ ಎಂದು ಎದ್ದು ಹೋದಳು.

ಹೆಸರಿಡುವ ತೊಟ್ಟಿಲ ಕಾರ್ಯವನ್ನು ಪಾದ ಸರಿಹೋಗುವವರೆಗೆ ಮಾಡುವುದಿಲ್ಲ ಎಂದು ಕಾಶಮ್ಮನ ಮನೆಯಲ್ಲಿ ಹಟ ಹಿಡಿದಿದ್ದರು. ಪ್ಲಾಸ್ಟರುಗಳು ಮುಗಿದು, ಹಿಮ್ಮಡಿಯ ಹತ್ತಿರ ಸಣ್ಣದೊಂದು ಶಸ್ತ್ರಚಿಕಿತ್ಸೆಯಾಗಿ, ಎರಡು ಬೂಟುಗಳ ನಡುವೆ ಕಂಬಿ ಇರುವ ಜೋಡು ಹಾಕಿದ ಮೇಲೆ ನಮಗೆ ಚಿಂತಾಕಿಯಿಂದ ಕರೆ ಬಂತು. ಹೋದೆವು. ಮನೆ ತುಂಬ ಹೆಂಗಸರು. ಒಬ್ಬಿಬ್ಬರು ಬೂಟು ನೋಡಿ ಪಿಸುಗುಟ್ಟಿದರು, ಎಕ್ಸ್‌ರೇ ಎಂಬ ಶಬ್ದ ನನ್ನ ಕಿವಿಗೂ ಬಿತ್ತು, ಮೇಡಂ ಕಿವಿಗೂ ಬಿದ್ದಿರಬೇಕು. ಅವರು ಎಲ್ಲರ ಹಿಂದೆ ಬಾಗಿಲ ಹತ್ತಿರ ಕುಳಿತರು. ಕೂಸಿನ ಸೋದರತ್ತೆ ಬಗ್ಗಿ, ಸಂಪ್ರದಾಯದಂತೆ ಕಿವಿಯಲ್ಲಿ 'ಕುರ್' ಎಂದು ಸ್ನೇಹಾ ಎಂಬ ಹೆಸರು ಕರೆದಳು. ಹೆಂಗಸರು ತೊಟ್ಟಿಲು ತೂಗಿ ಹಾಡಿದರು, ಗುಗ್ಗರಿ ಹಂಚಿದರು.

ಆಗ ಕಾಶಮ್ಮ ಕೂಸನ್ನು ತೊಟ್ಟಿಲಿನಿಂದ ಎತ್ತಿ, ಬೂಟಿನ ಸಮೇತ, ಕೂತವರ ನಡುವೆ ದಾರಿ ಮಾಡಿಕೊಂಡು ಬಾಗಿಲಿಗೆ ಬಂದಳು. "ನೀವೂ ಒಮ್ಮಿ ಕಿವ್ಯಾಗ ಕರೀರಿ, ಬಾಯಾರ" ಎಂದಳು. ತನಗೆ ಅದರ ರೂಢಿ ಇಲ್ಲ ಎಂದು ಮೇಡಂ ಹಿಂದೆ ಸರಿದರು. ಕಾಶಮ್ಮ ಕೂಸನ್ನು ಹಿಡಿದು ನಿಂತೇ ಇದ್ದಳು. ಕೊನೆಗೆ ಮೇಡಂ ಕನ್ನಡಕ ತೆಗೆದು ಬಗ್ಗಿದರು. ಒಂದು ಹೆಸರು ಕರೆಯಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿಯೇ ಇದ್ದರು.

ಮರಳಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಅವರು ಹೊರಗೆ ನೋಡುತ್ತಿದ್ದರು. ಔರಾದು ದಾಟಿದ ಮೇಲೆ ನನ್ನ ಕಡೆ ತಿರುಗದೆಯೇ, "ನನ್ನ ಕೂಸಿನ ಹೆಸರೂ ಕರದೆ, ಸಿಸ್ಟರ್" ಎಂದರು.